ಡ್ರೈವ್ ಲಿಂಕ್ ತೆರೆಯದಿದ್ದರೆ ಕೆಟ್ಟದ್ದು ಯಾವುದು: ವಿಳಾಸವೋ, ಅನುಮತಿಯೋ, ಒಡೆತನವೋ?

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್‌ನ ಮಾನ್ಯತೆಗಾಗಿ ಸ್ವಯಂ ಅಧ್ಯಯನ ವರದಿ ಸಿದ್ಧಪಡಿಸುವ ಕಾಲೇಜು ಐದು ವರ್ಷಗಳ ಲೆಕ್ಕ ಕೊಡಬೇಕು, ಕೊಟ್ಟ ಲೆಕ್ಕಕ್ಕೆಲ್ಲ ಪುರಾವೆಯನ್ನೂ ತೋರಿಸಬೇಕು. ವಿಚಾರ ಸಂಕಿರಣದ ವರದಿ, ಎನ್‌ಎಸ್‌ಎಸ್ ಶಿಬಿರದ ಛಾಯಾಚಿತ್ರ, ಹಾಜರಾತಿ ಪಟ್ಟಿ, ಒಡಂಬಡಿಕೆ ಪತ್ರ, ಲೆಕ್ಕಪರಿಶೋಧನೆಯ ಪ್ರತಿ ಹೀಗೆ ನೂರಾರು ದಾಖಲೆಗಳು ಸ್ಕ್ಯಾನ್ ಆಗಿ ಪಿಡಿಎಫ್ ರೂಪ ತಾಳುತ್ತವೆ. ಕಾಲೇಜಿನ ಸ್ವಂತ ಜಾಲತಾಣದಲ್ಲಿ ಅಷ್ಟನ್ನೂ ಏರಿಸುವ ವ್ಯವಸ್ಥೆ ಇಲ್ಲದ ಕಡೆ, ಅಥವಾ ವ್ಯವಸ್ಥೆ ಇದ್ದರೂ ತಾಣ ನೋಡಿಕೊಳ್ಳುವ ಗುತ್ತಿಗೆದಾರರು ಸಮಯಕ್ಕೆ ಸಿಗದ ಕಡೆ, ಅವು ಯಾರೋ ಒಬ್ಬ ಅಧ್ಯಾಪಕರ ಗೂಗಲ್ ಡ್ರೈವ್ ಸೇರುತ್ತವೆ. ಕಾಲೇಜಿನ ಪುಟದಲ್ಲಿ ಅವುಗಳ ಲಿಂಕ್ ಮಾತ್ರ ಉಳಿಯುತ್ತದೆ. ಮುಂದಿನ ಸುತ್ತಿನ ಪರಿಶೀಲನೆಯ ಹೊತ್ತಿಗೆ ಆ ಅಧ್ಯಾಪಕರು ಬೇರೆ ಜಿಲ್ಲೆಗೆ ವರ್ಗವಾಗಿರಬಹುದು, ಅತಿಥಿ ಉಪನ್ಯಾಸಕರಾಗಿದ್ದರೆ ಕಾಲೇಜನ್ನೇ ಬಿಟ್ಟಿರಬಹುದು. ಲಿಂಕ್ ಒತ್ತಿದವರಿಗೆ ‘ನಿಮಗೆ ಅನುಮತಿ ಬೇಕು’ ಎಂಬ ಪುಟ ಎದುರಾಗುತ್ತದೆ.

ಇದನ್ನು ತಾಂತ್ರಿಕ ದೋಷವೆಂದು ಕರೆದು, ಕಂಪ್ಯೂಟರ್ ವಿಭಾಗದವರನ್ನು ಕರೆಸುವುದು ರೂಢಿ. ಆದರೆ ತಾಂತ್ರಿಕವಾಗಿ ಇಲ್ಲಿ ಏನೂ ಕೆಟ್ಟಿರುವುದಿಲ್ಲ. ಸರ್ವರ್ ತನ್ನನ್ನು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದೆ, ಆ ಉತ್ತರ ನಿರಾಕರಣೆಯಾಗಿದೆ, ಅಷ್ಟೆ. ಕ್ಲೌಡ್ ಸಂಗ್ರಹದ ಲಿಂಕ್‌ಗಳ ವಿಚಾರದಲ್ಲಿ ನಾವು ಪಡುವ ಪಾಡಿನ ಬಹುಪಾಲು, ಫೈಲನ್ನು ಹಂಚುವ ದಿನ ಅದರ ಒಡೆತನ ಯಾರದ್ದೆಂದು ಯೋಚಿಸದೇ ಇರುವುದರಿಂದ ಹುಟ್ಟುವಂಥದ್ದು ಎಂಬುದು ಈ ಲೇಖಕನ ಅಭಿಪ್ರಾಯ.

ಹಳೆಯ ಮಾದರಿಯ ಜಾಲತಾಣದಲ್ಲಿ ಲಿಂಕ್ ಎಂದರೆ ಸರ್ವರ್‌ನ ಒಂದು ಜಾಗದ ವಿಳಾಸ. ಅಲ್ಲಿ ಫೈಲ್ ಇದ್ದರೆ ಎಲ್ಲರಿಗೂ ಕಾಣುತ್ತದೆ, ಹೆಸರು ಬದಲಾದರೆ ಅಥವಾ ಫೋಲ್ಡರ್ ಬದಲಾದರೆ ಯಾರಿಗೂ ಕಾಣುವುದಿಲ್ಲ. ಗೂಗಲ್ ಡ್ರೈವ್ ಹಾಗೆ ಕೆಲಸ ಮಾಡುವುದಿಲ್ಲ. ಅಲ್ಲಿ ಪ್ರತಿ ಫೈಲಿಗೂ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಗುರುತು ಇರುತ್ತದೆ. ಫೈಲಿನ ಹೆಸರು ಬದಲಿಸಿ, ಬೇರೆ ಫೋಲ್ಡರಿಗೆ ಸರಿಸಿ, ಆ ಗುರುತು ಬದಲಾಗುವುದಿಲ್ಲ, ಹಾಗಾಗಿ ವಿಳಾಸವೂ ಬದಲಾಗುವುದಿಲ್ಲ. ಆದರೆ ವಿಳಾಸ ಗೊತ್ತಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಫೈಲಿಗೆ ಅಂಟಿಕೊಂಡ ಅನುಮತಿ ಪಟ್ಟಿಯೊಂದಿದೆ, ಆ ಪಟ್ಟಿಯನ್ನು ಬದಲಿಸುವ ಪೂರ್ಣ ಹಕ್ಕು ಉಳ್ಳ ಒಬ್ಬ ಒಡೆಯರ ಖಾತೆಯಿದೆ, ಆ ಖಾತೆಯ ಮೇಲೆ ಕಂಪನಿಯ ನಿಯಮಗಳಿವೆ. ಈ ಮೂರರಲ್ಲಿ ಯಾವುದು ಅಲುಗಿದರೂ ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದೇ: ಲಿಂಕ್ ಓಪನ್ ಆಗುತ್ತಿಲ್ಲ.

ಆದ್ದರಿಂದ ಎದುರಾದ ಪುಟವನ್ನು ಓದುವುದೇ ದುರಸ್ತಿಯ ಮೊದಲ ಕೆಲಸ. ಅನುಮತಿ ಬೇಕೆಂದು ಹೇಳುವ ಪುಟ ಬಂದರೆ ಫೈಲ್ ಜೀವಂತವಾಗಿದೆ, ನೀವು ಪಟ್ಟಿಯಲ್ಲಿಲ್ಲ ಎಂದರ್ಥ. ನೀವು ಕೇಳಿದ ಫೈಲ್ ಅಸ್ತಿತ್ವದಲ್ಲಿಲ್ಲ ಎಂಬ ಪುಟ ಬಂದರೆ ಗುರುತು ತಪ್ಪಾಗಿದೆ, ಇಲ್ಲವೇ ಫೈಲ್ ಶಾಶ್ವತವಾಗಿ ಅಳಿಸಿಹೋಗಿದೆ. ಇತ್ತೀಚೆಗೆ ಹೆಚ್ಚು ಜನ ನೋಡಿದ್ದಾರೆ ಅಥವಾ ಇಳಿಸಿಕೊಂಡಿದ್ದಾರೆ, ನಂತರ ಪ್ರಯತ್ನಿಸಿ ಎಂಬ ಸೂಚನೆ ಬಂದರೆ ಅದು ತಾತ್ಕಾಲಿಕ ಮಿತಿ, ಒಂದು ದಿನದೊಳಗೆ ತಾನಾಗಿ ತೆರವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾದರಿ ಪ್ರಶ್ನೆಪತ್ರಿಕೆಯ ಒಂದೇ ಫೈಲ್ ರಾಜ್ಯದ ವಾಟ್ಸ್ಯಾಪ್ ಗುಂಪುಗಳನ್ನೆಲ್ಲ ಸುತ್ತಿದಾಗ ಹೀಗಾಗುತ್ತದೆ. ಬರೀ ಲಾಗಿನ್ ಪುಟ ಬಂದರೆ, ಫೈಲ್ ಎಲ್ಲರಿಗೂ ತೆರೆದಿಲ್ಲ, ನೀವು ಯಾರೆಂದು ಅದಕ್ಕೆ ಇನ್ನೂ ತಿಳಿದಿಲ್ಲ.

ಈ ಕೊನೆಯದು ಮೊಬೈಲಿನಲ್ಲಿ ದೊಡ್ಡ ಗೊಂದಲಕ್ಕೆ ಕಾರಣ. ಒಂದೇ ಫೋನಿನಲ್ಲಿ ಸ್ವಂತ ಜಿಮೇಲ್, ಕಾಲೇಜು ಕೊಟ್ಟ ಇಮೇಲ್, ಮನೆಯವರ ಮತ್ತೊಂದು ಖಾತೆ ಇರುವುದು ಈಗ ಸಾಮಾನ್ಯ. ಅನುಮತಿ ಸಿಕ್ಕಿರುವುದು ಕಾಲೇಜಿನ ಖಾತೆಗೆ, ಫೋನ್ ಲಿಂಕನ್ನು ತೆರೆಯುವುದು ಸ್ವಂತ ಖಾತೆಯಲ್ಲಿ. ವಿದ್ಯಾರ್ಥಿ ‘ಆಕ್ಸೆಸ್ ಕೊಡಿ ಸರ್’ ಎಂದು ಸಂದೇಶ ಹಾಕುತ್ತಾರೆ, ಅಧ್ಯಾಪಕರು ‘ಕೊಟ್ಟಿದ್ದೇನಲ್ಲ’ ಎನ್ನುತ್ತಾರೆ, ಇಬ್ಬರ ಮಾತೂ ನಿಜವಾಗಿರುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಹಲವು ಖಾತೆಗಳು ಒಟ್ಟಿಗೆ ತೆರೆದಿದ್ದಾಗ ವಿಳಾಸದ ನಡುವೆ ಎಷ್ಟನೆಯ ಖಾತೆ ಎಂಬುದನ್ನು ತಿಳಿಸುವ ಒಂದು ಅಂಕಿ ಸೇರಿಕೊಳ್ಳುತ್ತದೆ. ಹಾಗಾಗಿ ಮೇಲಿನ ವಿಳಾಸ ಪಟ್ಟಿಯಿಂದ ನಕಲು ಮಾಡುವ ಬದಲು, ಹಂಚಿಕೆಯ ಕಿಟಕಿಯಲ್ಲಿರುವ ‘ಕಾಪಿ ಲಿಂಕ್’ ಗುಂಡಿಯಿಂದಲೇ ಲಿಂಕ್ ತೆಗೆದುಕೊಳ್ಳುವುದು ಒಳ್ಳೆಯದು. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್ ಬಳಸುವ ಸಂಸ್ಥೆಗಳಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಬ್ರೌಸರಿನ ಪಟ್ಟಿಯಲ್ಲಿ ಕಾಣುವ ವಿಳಾಸದಲ್ಲಿ ಅನುಮತಿ ಅಡಗಿರುವುದಿಲ್ಲ, ಹಂಚಿಕೆಗೆಂದೇ ಸೃಷ್ಟಿಸಿದ ಲಿಂಕಿನಲ್ಲಿ ಇರುತ್ತದೆ.

ಕಾಲೇಜಿನ ಖಾತೆಯಿಂದ ಹಂಚುವವರು ಎಡವುವ ಇನ್ನೊಂದು ಜಾಗವಿದೆ. ಸ್ವಂತ ಜಿಮೇಲಿನಲ್ಲಿ ಆಯ್ಕೆ ಎರಡೇ: ನಿರ್ಬಂಧಿತ, ಇಲ್ಲವೇ ಲಿಂಕ್ ಇರುವ ಯಾರಾದರೂ. ಸಂಸ್ಥೆಯ ಖಾತೆಯಲ್ಲಿ ಇವೆರಡರ ನಡುವೆ ಸಂಸ್ಥೆಯ ಹೆಸರಿನದೇ ಮೂರನೆಯ ಆಯ್ಕೆಯೊಂದು ಬರುತ್ತದೆ. ಅದನ್ನು ಒತ್ತಿದರೆ ಸಂಸ್ಥೆಯ ಖಾತೆ ಇರುವವರಿಗಷ್ಟೇ ಫೈಲ್ ಕಾಣುತ್ತದೆ. ಹಂಚಿದ ಅಧ್ಯಾಪಕರಿಗೂ ಅವರ ಪಕ್ಕದ ಮೇಜಿನವರಿಗೂ ಲಿಂಕ್ ಚೆನ್ನಾಗಿಯೇ ತೆರೆಯುವುದರಿಂದ, ಹೊರಗಿನ ಪರಿಶೀಲಕರಿಗೆ ಅದು ಮುಚ್ಚಿದ ಬಾಗಿಲೆಂಬುದು ಒಳಗಿನ ಯಾರಿಗೂ ತಿಳಿಯುವುದಿಲ್ಲ. ಹೊರಗಿನವರ ಜೊತೆ ಹಂಚುವುದನ್ನೇ ಸಂಸ್ಥೆಯ ಖಾತೆಗಳನ್ನು ನೋಡಿಕೊಳ್ಳುವ ನಿರ್ವಾಹಕರು ಪೂರ್ತಿಯಾಗಿ ತಡೆದಿದ್ದರೆ ಅಧ್ಯಾಪಕರು ಎಷ್ಟು ಪ್ರಯತ್ನಪಟ್ಟರೂ ಪ್ರಯೋಜನವಿಲ್ಲ, ಕೇಳಬೇಕಾದದ್ದು ನಿರ್ವಾಹಕರನ್ನೇ. ಲಿಂಕನ್ನು ಪ್ರಕಟಿಸುವ ಮುನ್ನ ಯಾವ ಖಾತೆಗೂ ಲಾಗಿನ್ ಆಗಿರದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿದರೆ ಈ ಬಗೆಯ ತಪ್ಪುಗಳು ತಟ್ಟನೆ ಬಯಲಾಗುತ್ತವೆ.

ಜಾಲತಾಣ ನೋಡಿಕೊಳ್ಳುವವರು ಸತ್ತ ಲಿಂಕ್‌ಗಳನ್ನು ಹುಡುಕಲು ತಂತ್ರಾಂಶ ಬಳಸುತ್ತಾರೆ. ಪುಟ ಇಲ್ಲದಿದ್ದರೆ ಸರ್ವರ್ 404 ಎಂಬ ಸಂಕೇತ ಕಳಿಸುತ್ತದೆ, ತಂತ್ರಾಂಶ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಆದರೆ ನಿರ್ಬಂಧಿತ ಡ್ರೈವ್ ಫೈಲನ್ನು ಕೇಳಿದಾಗ ಗೂಗಲ್ ಆ ಕೋರಿಕೆಯನ್ನು ಲಾಗಿನ್ ಪುಟದತ್ತ ತಿರುಗಿಸುತ್ತದೆ, ಲಾಗಿನ್ ಪುಟ ಯಾವ ತೊಂದರೆಯೂ ಇಲ್ಲದೆ ತೆರೆದುಕೊಳ್ಳುತ್ತದೆ. ತಂತ್ರಾಂಶದ ಕಣ್ಣಿಗೆ ಎಲ್ಲವೂ ಸರಿಯಾಗಿದೆ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿಲ್ಲವೆಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಅದು ಇಲ್ಲವಾದ ಪುಟಗಳ ಲೆಕ್ಕ. ಪುಟ ಇದ್ದೂ ಒಳಗೆ ಬಿಡದ ಲಿಂಕ್‌ಗಳನ್ನು ಅಂಥ ವಿಧಾನಗಳಿಂದ ಹಿಡಿಯುವುದು ಕಷ್ಟ.

ಇನ್ನು ಕಂಪನಿಗಳ ನಿಯಮಕ್ಕೆ ಬರೋಣ. ಇಲ್ಲಿ ಬಳಕೆದಾರರು ಯಾವ ತಪ್ಪೂ ಮಾಡದೆ ಲಿಂಕ್ ಕಳೆದುಕೊಳ್ಳುತ್ತಾರೆ. ಡ್ರೈವ್ ಫೋಲ್ಡರನ್ನೇ ಪುಟ್ಟ ಜಾಲತಾಣವಾಗಿ ಬಳಸುವ ಸೌಲಭ್ಯವೊಂದು ಒಂದು ಕಾಲಕ್ಕೆ ಇತ್ತು. ಗೂಗಲ್ ಅದನ್ನು 2016ರ ಆಗಸ್ಟ್ ಕೊನೆಗೆ ನಿಲ್ಲಿಸಿತು. ಡ್ರೈವ್‌ನಂಥದ್ದೇ ಇನ್ನೊಂದು ಸೇವೆಯಾದ ಡ್ರಾಪ್‌ಬಾಕ್ಸ್‌ನ ‘ಪಬ್ಲಿಕ್’ ಫೋಲ್ಡರಿನಲ್ಲಿ ಹಾಕಿದ್ದೆಲ್ಲ ಸಾರ್ವಜನಿಕವಾಗುತ್ತಿತ್ತು. ಉಚಿತ ಬಳಕೆದಾರರ ಪಾಲಿಗೆ ಅದು 2017ರ ಮಾರ್ಚಿನಲ್ಲಿ ಖಾಸಗಿಯಾಯಿತು, ಅಲ್ಲಿಯವರೆಗೆ ಹಂಚಿದ್ದ ಹಳೆಯ ಲಿಂಕ್‌ಗಳು ಒಂದೇ ಏಟಿಗೆ ನಿಂತವು. 2024ರ ಆರಂಭದಲ್ಲಿ, ಡ್ರೈವ್‌ನಲ್ಲಿಟ್ಟ ಚಿತ್ರವನ್ನು ನೇರವಾಗಿ ಬೇರೆ ವೆಬ್ ಪುಟದಲ್ಲಿ ತೋರಿಸುತ್ತಿದ್ದ ಹಳೆಯ ವಿಧಾನ ಅನೇಕ ತಾಣಗಳಲ್ಲಿ ಕೈಕೊಟ್ಟಿತು. ಇವು ಯಾವುದೂ ಅಂದಿನವರೆಗೆ ಕಂಪನಿ ನಿಷೇಧಿಸಿದ್ದ ಬಳಕೆಯಾಗಿರಲಿಲ್ಲ.

2021ರ ಬದಲಾವಣೆಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಅದರ ಪರಿಣಾಮ ಇಂದಿಗೂ ಮುಗಿದಿಲ್ಲ. ಆ ವರ್ಷದ ಸೆಪ್ಟೆಂಬರ್ 13ರಂದು ಗೂಗಲ್ ಭದ್ರತೆಯ ದೃಷ್ಟಿಯಿಂದ ಕೆಲವು ಹಳೆಯ ಡ್ರೈವ್ ಫೈಲುಗಳ ವಿಳಾಸಕ್ಕೆ ‘ರಿಸೋರ್ಸ್ ಕೀ’ ಎಂಬ ಹೆಚ್ಚುವರಿ ತುಣುಕನ್ನು ಕಡ್ಡಾಯ ಮಾಡಿತು. ಆ ಮೊದಲೇ ಫೈಲನ್ನು ತೆರೆದು ನೋಡಿದ್ದವರಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಹಳೆಯ ಲಿಂಕ್ ಹಿಡಿದು ಹೊಸದಾಗಿ ಬಂದವರು ಮಾತ್ರ ಒಡೆಯರ ಅನುಮತಿ ಕೇಳಬೇಕಾಯಿತು. ಅಂದರೆ ಫೈಲಿನ ಒಡೆಯರು ತಾವೇ ಪರೀಕ್ಷಿಸಿದರೆ ಲಿಂಕ್ ತೆರೆಯುತ್ತದೆ, ಹಳೆಯ ಓದುಗರಿಗೂ ತೆರೆಯುತ್ತದೆ, ಮೊದಲ ಬಾರಿ ಬಂದವರಿಗೆ ತೆರೆಯುವುದಿಲ್ಲ. ಪರಿಹಾರ ಸರಳ: ಫೈಲಿನ ಒಡೆಯರು ಹಂಚಿಕೆಯ ಕಿಟಕಿಯಿಂದ ಹೊಸ ಲಿಂಕ್ ನಕಲು ಮಾಡಿ ಹಳೆಯದರ ಜಾಗಕ್ಕೆ ಹಾಕಬೇಕು. ಆದರೆ ಅದಕ್ಕೆ ಒಡೆಯರು ಸಿಗಬೇಕು.

ಇದಕ್ಕೆ ಹೊಂದಿಕೊಂಡ ಒಂದು ಚಿಕ್ಕ ಮಾತು. ಉದ್ದನೆಯ ಲಿಂಕ್ ಅಂದಗೆಡಿಸುತ್ತದೆಂದು ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಕತ್ತರಿಸಿ ಹಾಕುವ ಅಭ್ಯಾಸ ಹಲವರಿಗಿದೆ. ಡ್ರೈವ್ ಲಿಂಕಿನ ಕೊನೆಯಲ್ಲಿ ಸಾಮಾನ್ಯವಾಗಿ ಬರುವ, ಹಂಚಿಕೆಯ ಮೂಲವನ್ನು ತಿಳಿಸುವ ತುಣುಕನ್ನು ಕತ್ತರಿಸಿದರೆ ನಷ್ಟವೇನಿಲ್ಲ. ಆದರೆ ಅದೇ ಜಾಗದಲ್ಲಿ ರಿಸೋರ್ಸ್ ಕೀ ಇದ್ದರೆ, ಅಥವಾ ಡ್ರಾಪ್‌ಬಾಕ್ಸ್‌ನ ಹೊಸ ಮಾದರಿಯ ಲಿಂಕಿನಲ್ಲಿರುವ ‘ಆರ್‌ಎಲ್‌ಕೀ’ ಇದ್ದರೆ, ಕತ್ತರಿಸಿದವರು ಕೀಲಿಯನ್ನೇ ಎಸೆದಂತೆ. ಮುದ್ರಿತ ವರದಿಯಲ್ಲಿ ಲಿಂಕ್ ಎರಡು ಸಾಲಿಗೆ ಒಡೆದುಹೋಗುವುದು, ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳು ಅದಲುಬದಲಾಗುವುದು, ವಾಕ್ಯದ ಪೂರ್ಣವಿರಾಮ ಲಿಂಕಿಗೆ ಅಂಟಿಕೊಳ್ಳುವುದು ಇವೂ ಇದೇ ಜಾತಿಯ ತೊಂದರೆಗಳು. ಲಿಂಕನ್ನು ಕಿರಿದು ಮಾಡಲು ಮೂರನೆಯವರ ಸೇವೆ ಬಳಸಿದರೆ ಇನ್ನೊಂದು ಕಂಪನಿಯ ಹಂಗು ಸೇರುತ್ತದೆ. ಗೂಗಲ್ ತನ್ನದೇ ಕಿರುಲಿಂಕ್ ಸೇವೆಯನ್ನು 2019ರ ಮಾರ್ಚಿನಲ್ಲಿ ನಿಲ್ಲಿಸಿತು. ಹಳೆಯ ಕಿರುಲಿಂಕ್‌ಗಳೂ 2025ರ ಆಗಸ್ಟ್ 25ರಿಂದ ಕೆಲಸ ಮಾಡುವುದಿಲ್ಲವೆಂದು ಹೇಳಿ, ಕೊನೆಯ ವಾರಗಳಲ್ಲಿ ನಿಲುವು ಸಡಿಲಿಸಿ, ಬಳಕೆಯಲ್ಲಿರುವವನ್ನು ಮಾತ್ರ ಉಳಿಸಿಕೊಂಡಿತು. ಯಾರೂ ಒತ್ತದ ಲಿಂಕ್‌ಗಳು ಹೋದವು. ಐದು ವರ್ಷಕ್ಕೊಮ್ಮೆ ಒತ್ತುವ ಲಿಂಕ್ ಯಾವ ಗುಂಪಿಗೆ ಸೇರುತ್ತದೆಂದು ಊಹಿಸಬಹುದು.

ಇಷ್ಟೆಲ್ಲ ತಲೆಬಿಸಿ ಬೇಡವೆಂದು ಜನ ಕಂಡುಕೊಂಡಿರುವ ಉಪಾಯವೆಂದರೆ ಎಲ್ಲ ಫೈಲುಗಳನ್ನೂ ‘ಲಿಂಕ್ ಇರುವ ಯಾರಾದರೂ’ ನೋಡುವಂತೆ ತೆರೆದಿಡುವುದು. ನನ್ನ ದೃಷ್ಟಿಯಲ್ಲಿ ತೆರೆಯದ ಲಿಂಕಿಗಿಂತ ಇದು ಹೆಚ್ಚು ಅಪಾಯಕಾರಿ. ಸುತ್ತೋಲೆ, ಪಠ್ಯಕ್ರಮ, ಪ್ರಕಟಿತ ವರದಿ ಮುಂತಾದವುಗಳಿಗೆ ಅದು ಸರಿಯಾದ ಆಯ್ಕೆಯೇ ಹೌದು. ಆದರೆ ವಿದ್ಯಾರ್ಥಿವೇತನದ ಪಟ್ಟಿ, ಅದರಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಜಾತಿ, ಆಧಾರ್, ಬ್ಯಾಂಕ್ ಖಾತೆ, ಇವೆಲ್ಲ ಇರುವ ಸ್ಪ್ರೆಡ್‌ಶೀಟನ್ನೂ ಅದೇ ರೀತಿ ತೆರೆದಿಟ್ಟು, ‘ನಿಮ್ಮ ವಿವರ ನೀವೇ ತುಂಬಿ’ ಎಂದು ತರಗತಿಯ ಗುಂಪಿಗೆ ಹಾಕುವುದನ್ನು ನೋಡುತ್ತೇವೆ. ಅಲ್ಲಿ ಪ್ರತಿಯೊಬ್ಬರ ವಿವರವೂ ಪ್ರತಿಯೊಬ್ಬರಿಗೂ ಕಾಣುತ್ತದೆ, ತಿದ್ದಲೂ ಆಗುತ್ತದೆ. ಲಿಂಕ್ ಗುಂಪಿನಾಚೆ ಹೋದರೆ ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ಆ ಉದ್ದನೆಯ ಗುರುತನ್ನು ಯಾರೂ ಊಹಿಸಲಾರರೆಂಬುದು ನಿಜ, ಆದರೆ ಲಿಂಕ್ ಎಲ್ಲಾದರೂ ಸಾರ್ವಜನಿಕ ಪುಟದಲ್ಲಿ ಬಿದ್ದರೆ ಊಹೆಯ ಅಗತ್ಯವೇ ಇರುವುದಿಲ್ಲ. 2018ರ ಜುಲೈನಲ್ಲಿ ರಷ್ಯಾದ ಯಾಂಡೆಕ್ಸ್ ಹುಡುಕಾಟದಲ್ಲಿ ಹೀಗೆ ತೆರೆದಿಟ್ಟ ಗೂಗಲ್ ಡಾಕ್ಸ್ ಕಡತಗಳು ಸಾಲುಸಾಲಾಗಿ ಕಾಣಿಸಿಕೊಂಡವು. ಅವುಗಳಲ್ಲಿ ಪಾಸ್‌ವರ್ಡ್ ಬರೆದಿಟ್ಟ ಕಡತಗಳೂ ಇದ್ದವು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಒಂದು ಕಾಲೇಜಿಗೆ ಅಷ್ಟು ದಂಡ ಬೀಳುತ್ತದೆಂದು ಹೆದರಿಸುವುದು ಉತ್ಪ್ರೇಕ್ಷೆ. ಆದರೂ ವಿವರ ಸಂಗ್ರಹಿಸಲು ಸ್ಪ್ರೆಡ್‌ಶೀಟಿನ ಬದಲು ಫಾರ್ಮ್ ಬಳಸಿ, ಉತ್ತರಗಳ ಹಾಳೆಯನ್ನು ಇಬ್ಬರಿಗೋ ಮೂವರಿಗೋ ಮಾತ್ರ ತೆರೆದಿಡುವುದಕ್ಕೆ ಹೆಚ್ಚುವರಿ ಖರ್ಚು ಇಲ್ಲ, ಹೆಚ್ಚುವರಿ ಜ್ಞಾನವೂ ಬೇಕಿಲ್ಲ.

ಒಡೆತನದ ಪ್ರಶ್ನೆ ಇವೆಲ್ಲಕ್ಕಿಂತ ಆಳದ್ದು. ಸ್ವಂತ ಜಿಮೇಲಿಗೆ ಸಿಗುವ ಉಚಿತ ಜಾಗ 15 ಜಿಬಿ, ಅದು ಇಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿದ್ದು. ಮಗುವಿನ ಹುಟ್ಟುಹಬ್ಬದ ವಿಡಿಯೊಗಳಿಂದ ಜಾಗ ತುಂಬಿದಾಗ, ಬೇಡದ್ದನ್ನು ಅಳಿಸುವ ಭರದಲ್ಲಿ ಹಳೆಯ ಶೈಕ್ಷಣಿಕ ವರ್ಷದ ಫೋಲ್ಡರೂ ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿಯಲ್ಲಿದ್ದರೂ ಹಂಚಿದವರಿಗೆ ಫೈಲ್ ತೆರೆಯುತ್ತಲೇ ಇರುತ್ತದೆ, ಮೂವತ್ತು ದಿನ ಕಳೆದ ಮೇಲೆ ಬುಟ್ಟಿ ತಾನಾಗಿ ಖಾಲಿಯಾದಾಗ ಲಿಂಕ್ ಸಾಯುತ್ತದೆ. ಅಳಿಸಿದ್ದಕ್ಕೂ ಲಿಂಕ್ ಸತ್ತದ್ದಕ್ಕೂ ನಡುವೆ ಒಂದು ತಿಂಗಳ ಅಂತರ ಇರುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇನ್ನು, ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಫೈಲುಗಳ ಸಮೇತ ಅಳಿಸುವ ನೀತಿಯನ್ನು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಒಂದು ಯೋಜನೆಗೆಂದೇ ತೆರೆದು, ಯೋಜನೆ ಮುಗಿದ ಮೇಲೆ ಮರೆತ ಜಿಮೇಲ್ ಖಾತೆಗಳು ನಮ್ಮ ಕಚೇರಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಈ ನೀತಿ ಬಂದು ಬಡಿಯುವುದು ಅವಕ್ಕೇ.

ಸಂಸ್ಥೆಯ ಖಾತೆ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೇನೂ ಇಲ್ಲ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್, 2022ರ ಜುಲೈನಿಂದ ಇಡೀ ಸಂಸ್ಥೆಗೆ ಒಟ್ಟು 100 ಟಿಬಿ ಎಂಬ ಮಿತಿ ಹಾಕಿತು. ದೊಡ್ಡ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳ ಖಾತೆಗಳ ಮೇಲೆ ಕಣ್ಣು ಹಾಯಿಸಲು ಇದೂ ಒಂದು ಕಾರಣ. ಸಂಸ್ಥೆ ತೊರೆದವರ ಖಾತೆಯನ್ನು ನಿರ್ವಾಹಕರು ಅಳಿಸಿದರೆ, ಫೈಲುಗಳನ್ನು ಬೇರೊಬ್ಬರಿಗೆ ವರ್ಗಾಯಿಸದ ಹೊರತು ಅವೂ ಹೋಗುತ್ತವೆ, ಖಾತೆಯನ್ನು ಮರಳಿ ಪಡೆಯಲು ಇರುವ ಅವಧಿ ಇಪ್ಪತ್ತು ದಿನ. ಸ್ವಂತ ಖಾತೆಯ ಫೈಲಿನ ಒಡೆತನವನ್ನು ಸಂಸ್ಥೆಯ ಖಾತೆಗೆ ನೇರವಾಗಿ ದಾಟಿಸಲೂ ಸಾಮಾನ್ಯವಾಗಿ ಆಗುವುದಿಲ್ಲ. ನಕಲು ಮಾಡಿಕೊಳ್ಳಬೇಕು, ನಕಲಿಗೆ ಹೊಸ ಗುರುತು ಬರುತ್ತದೆ, ಹಾಗಾಗಿ ಹಳೆಯ ಲಿಂಕ್ ಹೊಸ ಪ್ರತಿಗೆ ಕರೆದೊಯ್ಯುವುದಿಲ್ಲ. ಇದಕ್ಕೆ ಇರುವ ಒಳ್ಳೆಯ ವ್ಯವಸ್ಥೆಯೆಂದರೆ ‘ಶೇರ್ಡ್ ಡ್ರೈವ್’. ಅಲ್ಲಿನ ಫೈಲುಗಳ ಒಡೆತನ ವ್ಯಕ್ತಿಯದ್ದಾಗಿರದೆ ಸಂಸ್ಥೆಯದ್ದೇ ಆಗಿರುತ್ತದೆ, ಏರಿಸಿದವರು ಬಿಟ್ಟುಹೋದರೂ ಫೈಲ್ ಇರುತ್ತದೆ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಉಚಿತವಾಗಿ ಸಿಗುವ ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆಂದು ಗೂಗಲ್ ಕೊಡುವ ಸೇವೆ) ಆವೃತ್ತಿಯಲ್ಲೂ ಈ ಸೌಲಭ್ಯವಿದೆ. ಇಷ್ಟಾದರೂ ಅಧ್ಯಾಪಕರು ‘ಮೈ ಡ್ರೈವ್’ ಬಿಟ್ಟು ಆಚೆ ಬರುವುದು ವಿರಳ.

ಸರ್ಕಾರಿ ನೌಕರರು ವರ್ಗವಾದಾಗ ಪ್ರಭಾರ ಹಸ್ತಾಂತರಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ನಗದು ಪುಸ್ತಕ, ದಾಸ್ತಾನು ವಹಿ, ಬೀರುವಿನ ಕೀಲಿ, ಮೊಹರು ಎಲ್ಲಕ್ಕೂ ಚಾರ್ಜ್ ಪಟ್ಟಿಯಲ್ಲಿ ಸಹಿಯಾಗುತ್ತದೆ. ಮುರಿದ ಕುರ್ಚಿಗೂ ಅಲ್ಲೊಂದು ಸಾಲು ಇರುತ್ತದೆ, ಐದು ವರ್ಷದ ದಾಖಲೆಗಳಿರುವ ಡ್ರೈವ್ ಫೋಲ್ಡರಿಗೆ ಇರುವುದಿಲ್ಲ. ಫೋಲ್ಡರಿನ ಲಿಂಕ್, ಅದರ ಒಡೆತನದ ಖಾತೆ, ಮರುಪಡೆಯಲು ಬಳಸಿದ ಮೊಬೈಲ್ ಸಂಖ್ಯೆ ಈಗ ಯಾರ ಬಳಿ ಇದೆ ಎಂಬ ಮೂರು ವಿವರಗಳನ್ನು ಆ ಪಟ್ಟಿಗೆ ಸೇರಿಸಲು ಯಾವ ಹೊಸ ತಂತ್ರಜ್ಞಾನವೂ ಬೇಕಾಗಿಲ್ಲ. ಒಂದು ಕಚೇರಿ ಆದೇಶ ಸಾಕು.

ದಿನನಿತ್ಯದ ಬಳಕೆಯಲ್ಲಿ ಗೊತ್ತಿರಬೇಕಾದ ಕೆಲವು ಸಂಗತಿಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ತಿದ್ದಿದ ಪಿಡಿಎಫ್ ಬಂದಾಗ ಹಳೆಯದನ್ನು ಅಳಿಸಿ ಹೊಸದನ್ನು ಏರಿಸಿದರೆ ಲಿಂಕ್ ಬದಲಾಗುತ್ತದೆ. ಹಳೆಯ ಫೈಲಿನ ಮೇಲೆಯೇ ‘ಮ್ಯಾನೇಜ್ ವರ್ಶನ್ಸ್’ ಮೂಲಕ ಹೊಸ ಪ್ರತಿ ಏರಿಸಿದರೆ ಲಿಂಕ್ ಹಾಗೆಯೇ ಉಳಿಯುತ್ತದೆ. ಹಂಚಿದ ಫೋಲ್ಡರಿನೊಳಗೆ ಬೇರೆಯವರ ಫೈಲಿಗೆ ಶಾರ್ಟ್‌ಕಟ್ ಇಟ್ಟರೆ, ಫೋಲ್ಡರ್ ನೋಡುವವರಿಗೆ ಅದರ ಹೆಸರು ಕಾಣಬಹುದು, ಆದರೆ ಮೂಲ ಫೈಲಿನ ಅನುಮತಿ ಪ್ರತ್ಯೇಕವಾಗಿ ಸಿಗದ ಹೊರತು ತೆರೆಯುವುದಿಲ್ಲ. ಫೋಲ್ಡರಿನ ಮೂಲಕ ಸಿಕ್ಕ ಅನುಮತಿ, ಫೈಲನ್ನು ಆ ಫೋಲ್ಡರಿನಿಂದ ಹೊರಕ್ಕೆ ಸರಿಸಿದಾಗ ಕಳಚಿಹೋಗುತ್ತದೆ. ಫೈಲ್ ಏರಿಸುವ ಪ್ರಶ್ನೆ ಇರುವ ಗೂಗಲ್ ಫಾರ್ಮ್ ಲಾಗಿನ್ ಕೇಳುತ್ತದೆ. ಅರ್ಜಿದಾರರು ಏರಿಸಿದ್ದೆಲ್ಲ ಫಾರ್ಮ್ ಮಾಡಿದವರ ಜಾಗವನ್ನೇ ತಿನ್ನುತ್ತದೆ, ಜಾಗ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ.

ಯಾವುದನ್ನು ಡ್ರೈವ್‌ನಲ್ಲಿ ಇಡಬೇಕು, ಯಾವುದನ್ನು ಇಡಬಾರದು ಎಂಬುದನ್ನೂ ತೀರ್ಮಾನಿಸಬೇಕಾಗುತ್ತದೆ. ಇನ್ನೂ ಬರೆಯುತ್ತಿರುವ, ತಿದ್ದುತ್ತಿರುವ, ನಾಲ್ಕು ಜನ ಕೂಡಿ ಮಾಡುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮುಗಿದ, ಸಾರ್ವಜನಿಕವಾದ, ಹತ್ತು ವರ್ಷದ ನಂತರವೂ ಯಾರೋ ಹುಡುಕಿಕೊಂಡು ಬರಬಹುದಾದ ದಾಖಲೆಗೆ ಸಂಸ್ಥೆಯ ಸ್ವಂತ ಜಾಲತಾಣವೇ ತಕ್ಕದ್ದು. ಫೈಲ್ ಡ್ರೈವ್‌ನಲ್ಲೇ ಇರಲೇಬೇಕಾದರೆ, ವರದಿಯಲ್ಲಿ ಮುದ್ರಿಸುವ ವಿಳಾಸ ಮಾತ್ರ ಸ್ವಂತ ತಾಣದ ಒಂದು ಪುಟದ್ದಾಗಿರಲಿ. ಆ ಪುಟ ಡ್ರೈವ್‌ಗೆ ದಾರಿ ತೋರಿಸಲಿ. ನಾಳೆ ಡ್ರೈವ್ ಲಿಂಕ್ ಕೆಟ್ಟರೆ ಒಂದು ಪುಟ ತಿದ್ದಿದರೆ ಸಾಕು, ಮುದ್ರಿತ ವರದಿಯನ್ನು ಹಿಂದಕ್ಕೆ ತರಿಸಬೇಕಾಗಿಲ್ಲ.

ಸ್ವಂತ ತಾಣವೂ ಶಾಶ್ವತವಲ್ಲ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಆ ತಾಣ ನಿಂತುಹೋಯಿತು, ಅದರ ಲಿಂಕ್‌ಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟವರ ಬರಹಗಳಲ್ಲಿ ಆ ಲಿಂಕ್‌ಗಳು ಈಗ ಎಲ್ಲಿಗೂ ಹೋಗುವುದಿಲ್ಲ. ಆದರೆ ಅಷ್ಟರೊಳಗೆ ಅದರ ದೊಡ್ಡ ಭಾಗವನ್ನು ಇಂಟರ್ನೆಟ್ ಆರ್ಕೈವ್‌ಗೆ ನಕಲು ಮಾಡಲಾಗಿತ್ತು. ಇಂದು ಹಳೆಯ ಕನ್ನಡ ಪುಸ್ತಕ ಹುಡುಕುವವರು ಹೋಗುವುದು ಅಲ್ಲಿಗೇ. ಆ ಪುಸ್ತಕಗಳನ್ನು ಉಳಿಸಿದ್ದು ಎರಡನೆಯ ಪ್ರತಿ. ನಿರ್ಬಂಧಿತ ಡ್ರೈವ್ ಫೈಲಿಗೆ ಈ ಅದೃಷ್ಟ ಇರುವುದಿಲ್ಲ, ಏಕೆಂದರೆ ಲಾಗಿನ್ ಕೇಳುವ ಪುಟದಾಚೆಗೆ ಯಾವ ಸಾರ್ವಜನಿಕ ಸಂಗ್ರಾಹಕವೂ ಹೋಗಲಾರದು.

ಹಾಗಾಗಿ ಈಗಾಗಲೇ ಕೆಟ್ಟ ಲಿಂಕ್ ಕೈಯಲ್ಲಿ ಹಿಡಿದಿರುವವರಿಗೆ ಉಳಿಯುವ ದಾರಿಗಳು ಕೆಲವೇ. ಅನುಮತಿ ಕೇಳುವ ಗುಂಡಿಯನ್ನು ಒತ್ತುವಾಗ ಖಾಲಿ ಕೋರಿಕೆ ಕಳಿಸದೆ, ತಾವು ಯಾರು, ಯಾವ ದಾಖಲೆ ಯಾತಕ್ಕೆ ಬೇಕು ಎಂದು ಎರಡು ಸಾಲು ಬರೆಯಬೇಕು; ಅಪರಿಚಿತ ಇಮೇಲಿನಿಂದ ಬಂದ ಬರೀ ಕೋರಿಕೆಯನ್ನು ಒಡೆಯರು ಕಡೆಗಣಿಸುವುದು ಸಹಜ. ಅದಕ್ಕೆ ಉತ್ತರ ಬರದಿದ್ದರೆ, ಹಿಂದೆ ಆ ಫೈಲನ್ನು ತೆರೆದಿದ್ದ ಸಹೋದ್ಯೋಗಿಗಳಲ್ಲಿ ಯಾರಾದರೂ ಇಳಿಸಿಕೊಂಡಿದ್ದಾರೆಯೇ, ಹಳೆಯ ಇಮೇಲಿಗೆ ಲಗತ್ತಾಗಿ ಹೋಗಿತ್ತೇ, ಮುದ್ರಣಕ್ಕೆ ಕೊಟ್ಟವರ ಕಂಪ್ಯೂಟರಿನಲ್ಲಿ ಉಳಿದಿದೆಯೇ ಎಂದು ಕೇಳಬೇಕು. ಸಂಸ್ಥೆಯ ಖಾತೆಯದ್ದಾಗಿದ್ದರೆ ಮೊದಲು ನಿರ್ವಾಹಕರಿಗೆ ಫೋನ್ ಮಾಡಬೇಕು, ಏಕೆಂದರೆ ಕಸದ ಬುಟ್ಟಿ ಖಾಲಿಯಾದ ಮೇಲೂ ಇಪ್ಪತ್ತೈದು ದಿನಗಳವರೆಗೆ ಅವರು ಫೈಲನ್ನು ಮರಳಿ ತರಬಲ್ಲರು.